ಪಕ್ಷದ ಕೇಂದ್ರ ಸಮಿತಿ ಕಟ್ಟುವುದು ಹೇಗೆ? ಫೈಲು ಹಿಡಿದು ಬಂದ ನಾಲ್ವರಿಗೆ ಹೇಳಿದ್ದು

ಕಳೆದ ಮಳೆಗಾಲದಲ್ಲಿ ಮಾಟುಂಗದ ಒಂದು ಉಡುಪಿ ಹೋಟೆಲಿಗೆ ನಾಲ್ವರು ನನ್ನನ್ನು ಹುಡುಕಿಕೊಂಡು ಬಂದರು. ಡೊಂಬಿವಲಿಯ ಒಬ್ಬ, ಮೀರಾ ರೋಡಿನ ಒಬ್ಬ, ಪಿಂಪ್ರಿಯಿಂದ ಬಂದ ಹುಡುಗಿ, ಗೋವಾದ ವಾಸ್ಕೋದಲ್ಲಿ ಹುಟ್ಟಿ ಬೆಳೆದ ಇನ್ನೊಬ್ಬ ಹುಡುಗ. ಒಬ್ಬರದು ಕುಂದಾಪುರದ ಕನ್ನಡ, ಒಬ್ಬರದು ವಿಜಯಪುರದ್ದು. ಕೈಯಲ್ಲಿ ಒಂದು ಫೈಲು.

"ಅಣ್ಣ, ಹೊಸ ಪಕ್ಷ ಕಟ್ತಾ ಇದ್ದೇವೆ. ನೀವು ಸಂಘಗಳ ಬೈಲಾ ಬರೆದವರಲ್ವಾ, ಇದನ್ನೊಮ್ಮೆ ನೋಡಿ ಕೊಡಿ."

ನೋಡಿದೆ. ಮೊದಲ ಪುಟದಲ್ಲೇ 51 ಜನರ ಕೇಂದ್ರ ಸಮಿತಿ. ಒಬ್ಬ ಅಧ್ಯಕ್ಷ, 11 ಉಪಾಧ್ಯಕ್ಷರು, ಆರು ಪ್ರಧಾನ ಕಾರ್ಯದರ್ಶಿಗಳು. ಎಲ್ಲ ಹೆಸರೂ ಭರ್ತಿ. ಒಂದು ಪುಟ ಪೂರ್ತಿ ಹೆಸರೇ. ಆದರೆ ಇವರನ್ನು ಆರಿಸಿದ್ದು ಯಾರು? ಎಷ್ಟು ವರ್ಷಕ್ಕೆ? ಸರಿ ಬರದಿದ್ದರೆ ತೆಗೆಯುವುದು ಯಾರು? ಈ ಮೂರಕ್ಕೆ ಫೈಲಿನಲ್ಲಿ ಉತ್ತರವೇ ಇಲ್ಲ. ನಾನು ಹೆಸರಿನ ಪುಟವನ್ನು ಮಡಚಿ ಕೆಳಗಿಟ್ಟೆ. ಹುಡುಗರ ಮುಖ ಸಣ್ಣದಾಯಿತು.

ನಾನು ಫೋರ್ಟಿನ ಬ್ಯಾಂಕೊಂದರಲ್ಲಿ ಕೆಲಸ ಮಾಡಿ, ಯೂನಿಯನ್ ಓಡಾಟ ಮಾಡಿ, ಉಪನಗರದ ಒಂದು ಕನ್ನಡ ಸಂಘದಲ್ಲಿ ವರ್ಷಗಟ್ಟಲೆ ಕಾರ್ಯದರ್ಶಿಯಾಗಿ ಸುಸ್ತಾದವನು. ಈಗ ಯಾವ ಪಕ್ಷದಲ್ಲೂ ಇಲ್ಲ. ಅವತ್ತು ಶುರುವಾಗಿ ಐದಾರು ಭಾನುವಾರ ನಡೆದ ಮಾತನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಪಕ್ಷ ಕಟ್ಟುವ ಯೋಚನೆ ಇಲ್ಲದವರೂ ಓದಬಹುದು. ಪೇಪರಿನಲ್ಲಿ "ಕಾರ್ಯಕಾರಿಣಿ ಸಭೆ", "ಸಂಸದೀಯ ಮಂಡಳಿ", "ಪಾಲಿಟ್‌ಬ್ಯೂರೋ" ಅಂತ ಬಂದಾಗ ಒಳಗೆ ಏನಾಗುತ್ತಿದೆ ಅಂತ ಗೊತ್ತಾಗುತ್ತದೆ.

ಹೆಜ್ಜೆ 1: ಮೂರು ಕೋಣೆಗಳನ್ನು ಬೇರೆ ಮಾಡಿ

ಯಾವ ಪಕ್ಷವನ್ನೇ ತೆಗೆದುಕೊಳ್ಳಿ, ಮೇಲ್ಗಡೆ ಮೂರು ಕೋಣೆಗಳಿರುತ್ತವೆ. ಹೆಸರು ಮಾತ್ರ ಬೇರೆ ಬೇರೆ.

ಮೊದಲನೆಯದು ದೊಡ್ಡ ಕೋಣೆ. ವರ್ಷಕ್ಕೊಮ್ಮೆಯೋ ಮೂರು ವರ್ಷಕ್ಕೊಮ್ಮೆಯೋ ಸೇರುವ ಪ್ರತಿನಿಧಿಗಳ ಸಭೆ. ಕಾಂಗ್ರೆಸ್ಸಿನಲ್ಲಿ ಎಐಸಿಸಿ (ಅಖಿಲ ಭಾರತ ಕಾಂಗ್ರೆಸ್ ಸಮಿತಿ) ಮತ್ತು ಮಹಾಧಿವೇಶನ, ಬಿಜೆಪಿಯಲ್ಲಿ ರಾಷ್ಟ್ರೀಯ ಪರಿಷತ್ತು, ಸಿಪಿಎಂನಲ್ಲಿ ಮೂರು ವರ್ಷಕ್ಕೊಮ್ಮೆ ಸೇರುವ ಪಾರ್ಟಿ ಕಾಂಗ್ರೆಸ್, ಶಿವಸೇನೆಯಲ್ಲಿ ಪ್ರತಿನಿಧಿ ಸಭಾ.

ಎರಡನೆಯದು ನಡುಕೋಣೆ. ಎರಡು ಮಹಾಸಭೆಗಳ ನಡುವೆ ಪಕ್ಷ ನಡೆಸುವವರು. ಕೇಂದ್ರ ಸಮಿತಿ ಅಂತ ಸಾಮಾನ್ಯವಾಗಿ ಹೇಳುವುದು ಇದನ್ನೇ. ಬಿಜೆಪಿಯ ರಾಷ್ಟ್ರೀಯ ಕಾರ್ಯಕಾರಿಣಿ, ಸಿಪಿಎಂನ ಕೇಂದ್ರ ಸಮಿತಿ, ಸಿಪಿಐನ ರಾಷ್ಟ್ರೀಯ ಮಂಡಳಿ ಇಲ್ಲಿ ಬರುತ್ತವೆ.

ಮೂರನೆಯದು ಸಣ್ಣ ಕೋಣೆ. ವಾರಕ್ಕೊಮ್ಮೆ ಬೇಕಾದರೂ ಸೇರಬಹುದಾದ ಹತ್ತು ಹದಿನೈದು ಜನ. ಬಿಜೆಪಿಯ ಸಂಸದೀಯ ಮಂಡಳಿ, ಸಿಪಿಎಂನ ಪಾಲಿಟ್‌ಬ್ಯೂರೋ. ಕಾಂಗ್ರೆಸ್ಸಿನ ಕಾರ್ಯಕಾರಿ ಸಮಿತಿ, ಅಂದರೆ ಸಿಡಬ್ಲ್ಯುಸಿ, ಕಾಗದದ ಮೇಲೆ ನಡುಕೋಣೆ. ರೂಢಿಯಲ್ಲಿ ಒಮ್ಮೊಮ್ಮೆ ಸಣ್ಣ ಕೋಣೆ.

ಬೇರೆ ಕೋಣೆಗೆ ಬೇರೆ ಕೀಲಿ ಅನ್ನುವುದು 2013ರಲ್ಲಿ ಗೋವಾದಲ್ಲಿ ಚೆನ್ನಾಗಿ ಕಾಣಿಸಿತು. ಪಣಜಿಯಲ್ಲಿ ಬಿಜೆಪಿ ಕಾರ್ಯಕಾರಿಣಿ ಸೇರಿತ್ತು. ಜೂನ್ 9ರಂದು ನರೇಂದ್ರ ಮೋದಿಯವರನ್ನು ಚುನಾವಣಾ ಪ್ರಚಾರ ಸಮಿತಿಯ ಅಧ್ಯಕ್ಷರಾಗಿ ಘೋಷಿಸಿದರು. ಅಡ್ವಾಣಿಯವರು ಆ ಸಭೆಗೆ ಬಂದಿರಲಿಲ್ಲ. ಮರುದಿನ ಅವರು ರಾಜೀನಾಮೆ ಕೊಟ್ಟದ್ದು ಎಲ್ಲೆಲ್ಲಿಂದ ನೋಡಿ: ರಾಷ್ಟ್ರೀಯ ಕಾರ್ಯಕಾರಿಣಿ, ಸಂಸದೀಯ ಮಂಡಳಿ, ಚುನಾವಣಾ ಸಮಿತಿ. ಮೂರು ಪ್ರತ್ಯೇಕ ಸ್ಥಾನಗಳು. ಪಕ್ಷದ ಸದಸ್ಯತ್ವ ಹಾಗೇ ಇತ್ತು. ಆ ರಾಜೀನಾಮೆಯನ್ನು ಒಪ್ಪುವುದಿಲ್ಲ ಅಂದದ್ದು ಸಂಸದೀಯ ಮಂಡಳಿ. ಒಂದೇ ವಾರದ ಸುದ್ದಿಯಲ್ಲಿ ಇಡೀ ನಕ್ಷೆ ಇದೆ.

ಹುಡುಗರಿಗೆ ಹೇಳಿದೆ: ಹಾಳೆಯಲ್ಲಿ ಮೂರು ಚೌಕ ಬರೆಯಿರಿ. ಯಾವ ತೀರ್ಮಾನ ಯಾವ ಚೌಕದಲ್ಲಿ? ಟಿಕೆಟ್ ಕೊಡುವುದು, ಮೈತ್ರಿ, ಬೈಲಾ ತಿದ್ದುಪಡಿ, ಉಚ್ಚಾಟನೆ, ಲೆಕ್ಕ ಮಂಜೂರಿ. ಐದನ್ನೂ ಒಂದೇ ಚೌಕದಲ್ಲಿ ತುಂಬಿದರೆ ಉಳಿದೆರಡು ಚೌಕ ಫೋಟೋಕ್ಕೆ ಮಾತ್ರ.

ಹೆಜ್ಜೆ 2: ಕೆಳಗಿನಿಂದ ಶುರು ಮಾಡಿ

ಮೇಲಿನ ಸಮಿತಿಗೆ ಮತ ಹಾಕುವವರು ಯಾರು ಅಂತ ಮೊದಲು ಗೊತ್ತಾಗಬೇಕು. ಸದಸ್ಯರು, ಶಾಖೆ, ತಾಲ್ಲೂಕು, ಜಿಲ್ಲೆ, ರಾಜ್ಯ, ಕೇಂದ್ರ. ಈ ಏಣಿಯಲ್ಲಿ ಒಂದು ಮೆಟ್ಟಿಲು ಬಿಟ್ಟುಹೋದರೂ ಮೇಲಿನವರು ಯಾರ ಪ್ರತಿನಿಧಿ ಅನ್ನುವುದು ಹೇಳಲಾಗದು.

ಕಾಂಗ್ರೆಸ್ಸಿನ ಏಣಿಗೆ ರೂಪ ಬಂದದ್ದು 1920ರ ನಾಗಪುರ ಅಧಿವೇಶನದಲ್ಲಿ. ಕಾರ್ಯಕಾರಿ ಸಮಿತಿ ಹುಟ್ಟಿದ್ದೂ ಆಗಲೇ. ಪ್ರಾಂತ ಸಮಿತಿಗಳನ್ನು ಭಾಷೆಯ ಮೇಲೆ ವಿಂಗಡಿಸಿದ್ದೂ ಆಗಲೇ. ಕರ್ನಾಟಕ ಅನ್ನುವ ರಾಜ್ಯ ಹುಟ್ಟುವ ಎಷ್ಟೋ ವರ್ಷ ಮೊದಲು ಕರ್ನಾಟಕ ಪ್ರಾಂತ ಕಾಂಗ್ರೆಸ್ ಸಮಿತಿ ಇತ್ತು ಅನ್ನುವುದು ಮುಂಬೈ ಕನ್ನಡಿಗರಾದ ನಮಗೆ ಮರೆಯಬಾರದ ವಿಷಯ. ಇವತ್ತೂ ಅಲ್ಲಿ ಪ್ರದೇಶ ಸಮಿತಿಯ ಪ್ರತಿನಿಧಿಗಳೇ ಅಧ್ಯಕ್ಷರ ಚುನಾವಣೆಯ ಮತದಾರರು. ಅವರಲ್ಲಿ ಎಂಟರಲ್ಲಿ ಒಂದು ಪಾಲು ಎಐಸಿಸಿಗೆ ಹೋಗುತ್ತಾರೆ. 2022ರ ಅಕ್ಟೋಬರಿನಲ್ಲಿ ನಮ್ಮ ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆಯವರು ಶಶಿ ತರೂರ್ ಅವರನ್ನು 7,897ಕ್ಕೆ 1,072 ಮತಗಳಿಂದ ಸೋಲಿಸಿದರಲ್ಲ, ಆ ಮತ ಹಾಕಿದವರು ಈ ಪ್ರದೇಶ ಪ್ರತಿನಿಧಿಗಳೇ.

ಬಿಜೆಪಿಯ ನಿಯಮದಲ್ಲಿ ಒಂದು ಒಳ್ಳೆಯ ತಡೆ ಇದೆ. ಕನಿಷ್ಠ ಅರ್ಧದಷ್ಟು ರಾಜ್ಯಗಳಲ್ಲಿ ಸಂಘಟನಾ ಚುನಾವಣೆ ಮುಗಿಯದೆ ರಾಷ್ಟ್ರಾಧ್ಯಕ್ಷರ ಚುನಾವಣೆ ನಡೆಸುವಂತಿಲ್ಲ. ಕೆಳಗೆ ಕೆಲಸ ಆಗಲಿ, ಆಮೇಲೆ ಮೇಲೆ. ಇಂಥದ್ದೊಂದು ಸಾಲು ನಿಮ್ಮ ಬೈಲಾದಲ್ಲೂ ಇರಲಿ.

ಸದಸ್ಯರ ಪಟ್ಟಿ ಬರೆಯುವ ಹುಷಾರಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೆಸರು, ವಿಳಾಸ, ಮತದಾರರ ಚೀಟಿ ನಂಬರು, ಚಂದಾ ಕೊಟ್ಟ ತಾರೀಕು. ಚುನಾವಣಾ ಆಯೋಗದಲ್ಲಿ ನೋಂದಣಿಗೆ ಕನಿಷ್ಠ 100 ಜನ ಸದಸ್ಯರು ಬೇಕು, ಎಲ್ಲರೂ ಮತದಾರರ ಪಟ್ಟಿಯಲ್ಲಿ ಇರಬೇಕು. ಬೇರೆ ಪಕ್ಷದ ಸದಸ್ಯರಾಗಿರಬಾರದು. ಸುಮ್ನೆ ವಾಟ್ಸಾಪ್ ಗ್ರೂಪಿನಲ್ಲಿ ಇದ್ದವರನ್ನೆಲ್ಲ ಸದಸ್ಯರು ಅಂತ ಲೆಕ್ಕ ಹಾಕಬೇಡಿ.

ಹೆಜ್ಜೆ 3: ಎಷ್ಟು ಜನ ಚುನಾಯಿತರು, ಎಷ್ಟು ಜನ ನೇಮಕಗೊಂಡವರು?

ಇಡೀ ಬೈಲಾದ ಜೀವ ಇಲ್ಲಿದೆ. ಎರಡು ಭಾನುವಾರ ನಾವು ಇದನ್ನೇ ಜಗ್ಗಾಡಿದೆವು.

ಕಾಂಗ್ರೆಸ್ಸಿನ ಹಳೆಯ ನಿಯಮ ಕೇಳಿ. ಕಾರ್ಯಕಾರಿ ಸಮಿತಿಯಲ್ಲಿ ಅಧ್ಯಕ್ಷರು, ಸಂಸತ್ತಿನಲ್ಲಿ ಪಕ್ಷದ ನಾಯಕರು, ಅವರ ಜೊತೆಗೆ 23 ಜನ. ಆ 23ರಲ್ಲಿ 12 ಜನರನ್ನು ಎಐಸಿಸಿ ಚುನಾಯಿಸಬೇಕು, 11 ಜನರನ್ನು ಅಧ್ಯಕ್ಷರು ನೇಮಿಸಬೇಕು. ಲೆಕ್ಕ ನೋಡಿ: ಚುನಾಯಿತರದ್ದು ಒಂದೇ ತಲೆ ಜಾಸ್ತಿ. ಅಧ್ಯಕ್ಷರನ್ನೂ ಸೇರಿಸಿದರೆ ಸಮ. ಬರೆದವರು ಸುಮ್ನೆ ಬರೆದಿಲ್ಲ. ಆದರೆ ಆ 12 ಸ್ಥಾನಕ್ಕೆ ಕೊನೆಯ ಬಾರಿ ಚುನಾವಣೆ ನಡೆದದ್ದು 1997ರಲ್ಲಿ, ಕೋಲ್ಕತ್ತದ ಅಧಿವೇಶನದಲ್ಲಿ. 2023ರ ಫೆಬ್ರುವರಿಯಲ್ಲಿ ರಾಯ್‌ಪುರದಲ್ಲಿ ಸಂಖ್ಯೆಯನ್ನು 35ಕ್ಕೆ ಏರಿಸಿದರು. ಅರ್ಧ ಸ್ಥಾನ ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರು, ಮಹಿಳೆಯರು, ಯುವಕರಿಗೆ ಅಂದರು. ಚುನಾವಣೆ ಬೇಡ, ಖರ್ಗೆಯವರೇ ನೇಮಿಸಲಿ ಅಂತಲೂ ತೀರ್ಮಾನವಾಯಿತು. ಅದೇ ಆಗಸ್ಟಿನಲ್ಲಿ ಬಂದ ಪಟ್ಟಿಯಲ್ಲಿ 39 ಸದಸ್ಯರು, 32 ಕಾಯಂ ಆಹ್ವಾನಿತರು, 13 ವಿಶೇಷ ಆಹ್ವಾನಿತರು. ಒಟ್ಟು 84.

ಬಿಜೆಪಿ ಇದರಲ್ಲಿ ಮುಚ್ಚುಮರೆ ಇಟ್ಟಿಲ್ಲ. ಅಧ್ಯಕ್ಷರ ಚುನಾವಣೆ ಆಗುತ್ತದೆ, ಆಮೇಲೆ ಕಾರ್ಯಕಾರಿಣಿಯನ್ನು ಅಧ್ಯಕ್ಷರೇ ನೇಮಿಸುತ್ತಾರೆ. ಹಾಗಾಗಿ ಅಲ್ಲಿ ಗುದ್ದಾಟ ಎಲ್ಲಾ ಅಧ್ಯಕ್ಷ ಯಾರಾಗುತ್ತಾರೆ ಅನ್ನುವುದರ ಸುತ್ತ. ಸಣ್ಣ ಕೋಣೆಯಾದ ಸಂಸದೀಯ ಮಂಡಳಿಯಲ್ಲಿ ಅಧ್ಯಕ್ಷರು ಸೇರಿ 11 ಜನ. 2022ರ ಆಗಸ್ಟಿನಲ್ಲಿ ಅದನ್ನು ಬದಲಿಸಿದಾಗ ಯಡಿಯೂರಪ್ಪ ಒಳಗೆ ಬಂದರು, ನಾಗಪುರದ ಗಡ್ಕರಿ ಹೊರಗೆ ಹೋದರು. ಅದೇ ದಿನ ಫಡ್ನವೀಸ್ ಅವರಿಗೆ ಟಿಕೆಟ್ ಹಂಚುವ ಕೇಂದ್ರ ಚುನಾವಣಾ ಸಮಿತಿಯಲ್ಲಿ ಜಾಗ ಸಿಕ್ಕಿತು. ಒಂದು ಹಾಳೆಯ ಪ್ರಕಟಣೆ ಅಷ್ಟೇ. ನಮ್ಮ ಎರಡೂ ರಾಜ್ಯಗಳಲ್ಲಿ ತಿಂಗಳುಗಟ್ಟಲೆ ಮಾತಾಯಿತು.

ಕಮ್ಯುನಿಸ್ಟ್ ಪಕ್ಷಗಳ ದಾರಿ ಮೂರನೆಯದು. ಇದರ ಬೇರು ಮುಂಬೈಯಲ್ಲೂ ಇದೆ: ಭಾರತ ಕಮ್ಯುನಿಸ್ಟ್ ಪಕ್ಷದ ಮೊದಲ ಮಹಾಧಿವೇಶನ 1943ರಲ್ಲಿ ಇಲ್ಲೇ ನಡೆದದ್ದು. ಪಾರ್ಟಿ ಕಾಂಗ್ರೆಸ್ ಕೇಂದ್ರ ಸಮಿತಿಯನ್ನು ಆರಿಸುತ್ತದೆ. ಕೇಂದ್ರ ಸಮಿತಿ ಪಾಲಿಟ್‌ಬ್ಯೂರೋವನ್ನೂ ಪ್ರಧಾನ ಕಾರ್ಯದರ್ಶಿಯನ್ನೂ ಆರಿಸುತ್ತದೆ. ಕೇಳಲು ಶುದ್ಧ ಚುನಾವಣೆ. ಆದರೆ ಹೊಸ ಸಮಿತಿಯ ಪಟ್ಟಿಯನ್ನು ಮುಂದಿಡುವುದು ಹಳೆಯ ಸಮಿತಿ. ಸಾಮಾನ್ಯವಾಗಿ ಅದೇ ಪಾಸಾಗುತ್ತದೆ. 2025ರ ಏಪ್ರಿಲಿನಲ್ಲಿ ಮದುರೈಯಲ್ಲಿ 85 ಸ್ಥಾನಗಳ ಸಮಿತಿಗೆ ಪಟ್ಟಿ ಬಂದಾಗ ಮಹಾರಾಷ್ಟ್ರದ ಕಾರ್ಮಿಕ ಮುಖಂಡ ಡಿ.ಎಲ್. ಕರಾಡ್ ಪಟ್ಟಿಯ ಹೊರಗಿನಿಂದ ನಿಂತರು. 31 ಮತ ಬಂತು, ಸೋತರು. ಆದರೂ ನಿಲ್ಲಬಹುದು, ಗುಟ್ಟಿನ ಮತದಾನ ಕೇಳಬಹುದು ಅನ್ನುವ ಸಾಲು ಬೈಲಾದಲ್ಲಿ ಇದ್ದದ್ದಕ್ಕೆ ತಾನೇ ಆ 31 ಕಾಣಿಸಿದ್ದು?

ನನ್ನ ಸಲಹೆ ಇಷ್ಟು. ಚುನಾಯಿತರು ಮೂರರಲ್ಲಿ ಎರಡು ಪಾಲು ಇರಲಿ. ನೇಮಕ ಮಾಡುವವರಿಗೆ ಗಡುವು ಕೊಡಿ, ಚುನಾವಣೆ ಆದ 30 ದಿನದೊಳಗೆ ಅಂತ. ಪಟ್ಟಿಯ ಹೊರಗಿನಿಂದ ಸ್ಪರ್ಧಿಸುವ ಹಕ್ಕು ಸ್ಪಷ್ಟವಾಗಿ ಬರೆಯಿರಿ. ಇನ್ನು ಆಹ್ವಾನಿತರು. ಅವರು ಕೂರಬಹುದು, ಮಾತಾಡಬಹುದು, ಮತ ಹಾಕುವಂತಿಲ್ಲ, ಕೋರಂನಲ್ಲಿ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿಯಲ್ಲಿ, ಲೆಕ್ಕಕ್ಕಿಲ್ಲ. ಈ ಸಾಲನ್ನು ಮರೆತರೆ ಒಂದು ದಿನ ಆಹ್ವಾನಿತರೇ ಬಹುಮತ ಆಗುತ್ತಾರೆ. ನಗಬೇಡಿ, ಆಗುತ್ತದೆ.

ಮೀರಾ ರೋಡಿನ ಹುಡುಗ ಕೇಳಿದ: "ಅಣ್ಣ, ಎಲ್ಲಾ ಸಾಲು ಬರೆದರೂ ದೊಡ್ಡವರು ಮನೆಯಲ್ಲಿ ಕೂತೇ ನಡೆಸುತ್ತಾರಲ್ಲ?" ಸುಳ್ಳಲ್ಲ. ಗಾಂಧೀಜಿ 1934ರಲ್ಲೇ ಕಾಂಗ್ರೆಸ್ ಸದಸ್ಯತ್ವ ಬಿಟ್ಟಿದ್ದರು. 1942ರಲ್ಲಿ ಕ್ವಿಟ್ ಇಂಡಿಯಾ ಅಂದವರು ಅವರೇ. ಆದರೂ ಠರಾವು ಹೋದ ದಾರಿ ನೋಡಿ. ಜುಲೈ 14ಕ್ಕೆ ವಾರ್ಧಾದಲ್ಲಿ ಕಾರ್ಯಕಾರಿ ಸಮಿತಿ ಒಪ್ಪಿತು. ಆಗಸ್ಟ್ 8ಕ್ಕೆ ಇಲ್ಲಿ ಗೊವಾಲಿಯಾ ಟ್ಯಾಂಕ್ ಮೈದಾನದಲ್ಲಿ ಎಐಸಿಸಿ ಮತಕ್ಕೆ ಹಾಕಿ ಪಾಸು ಮಾಡಿತು. ಗಾಂಧೀಜಿಯಂಥವರ ಮಾತೂ ಸಣ್ಣ ಕೋಣೆಯಿಂದ ದೊಡ್ಡ ಕೋಣೆಗೆ ಹೋಗಿ ಮತ ಪಡೆದೇ ಹೊರಗೆ ಬಂತು.

ಹೆಜ್ಜೆ 4: ಸಂಖ್ಯೆ ಮತ್ತು ಮೀಸಲು

ಸಣ್ಣ ಪಕ್ಷಕ್ಕೆ 51 ಜನ ಜಾಸ್ತಿ. 15ರಿಂದ 21 ಸಾಕು. ಬಿಜೆಪಿಯಂಥ ಪಕ್ಷದ ನಿಯಮದಲ್ಲೇ ಕಾರ್ಯಕಾರಿಣಿಗೆ 120ರ ಮಿತಿ ಇದೆ, ಅದರಲ್ಲಿ ಮಹಿಳೆಯರಿಗೆ 40 ಸ್ಥಾನ. ಸಿಪಿಎಂ 75 ವರ್ಷದ ವಯಸ್ಸಿನ ಮಿತಿ ತಂದಿದೆ. ಪ್ರಧಾನ ಕಾರ್ಯದರ್ಶಿಗೆ ಸಾಮಾನ್ಯವಾಗಿ ಮೂರು ಅವಧಿಗಿಂತ ಹೆಚ್ಚು ಇಲ್ಲ ಅಂತಲೂ ಇದೆ. ಪಿಂಪ್ರಿಯ ಹುಡುಗಿ ಮೊದಲ ದಿನವೇ ಕೇಳಿದ್ದಳು, 51ರಲ್ಲಿ ಹೆಂಗಸರು ನಾಲ್ಕೇ ಯಾಕೆ ಅಂತ. ಉಳಿದ ಮೂವರೂ ಚಹಾ ಕುಡಿಯುತ್ತಿದ್ದರು. ಈಗ ಅದು 21ರಲ್ಲಿ 7 ಆಗಿದೆ.

ಹೆಜ್ಜೆ 5: ಪದಾಧಿಕಾರಿಗಳ ಕೆಲಸ ಬರೆಯಿರಿ

ಮೂವರು ಸಾಕು: ಅಧ್ಯಕ್ಷ, ಪ್ರಧಾನ ಕಾರ್ಯದರ್ಶಿ, ಖಜಾಂಚಿ. ನೋಂದಣಿ ಅರ್ಜಿಯಲ್ಲಿ ಕಾನೂನು ಹೆಸರಿಟ್ಟು ಕೇಳುವುದೂ ಈ ಮೂವರನ್ನೇ. ಬೇರೆ ಪದಾಧಿಕಾರಿಗಳಿದ್ದರೆ ಅವರ ಹೆಸರೂ ಕೊಡಬೇಕು. ಉಪಾಧ್ಯಕ್ಷ ಅನ್ನುವುದು ನಮ್ಮ ಸಂಘಗಳಲ್ಲಿ ಹಾಲ್ ಬಾಡಿಗೆ ಕೊಟ್ಟವರಿಗೆ ಸಲ್ಲುವ ಗೌರವ. ಪಕ್ಷದಲ್ಲಿ 11 ಜನ ಉಪಾಧ್ಯಕ್ಷರಿದ್ದರೆ ಸಭೆಯಲ್ಲಿ ಮೊದಲ ಸಾಲು ತುಂಬುತ್ತದೆ, ಅಷ್ಟೇ.

ನಿಜವಾದ ಪ್ರಶ್ನೆ ಬೇರೆ. ಅಧ್ಯಕ್ಷರ ಕೈ ಮೇಲೋ, ಕಾರ್ಯದರ್ಶಿಯ ಕೈ ಮೇಲೋ? ಕಮ್ಯುನಿಸ್ಟ್ ಪಕ್ಷಗಳಲ್ಲಿ ಅಧ್ಯಕ್ಷರೇ ಇರುವುದಿಲ್ಲ, ಪ್ರಧಾನ ಕಾರ್ಯದರ್ಶಿಯೇ ಮುಖ್ಯಸ್ಥ. ಬಿಜೆಪಿಯಲ್ಲಿ ಅಧ್ಯಕ್ಷರ ಕೆಳಗೆ ಹಲವು ಪ್ರಧಾನ ಕಾರ್ಯದರ್ಶಿಗಳು, ಅವರಲ್ಲಿ ಸಂಘಟನೆ ನೋಡಿಕೊಳ್ಳುವವರು ಒಬ್ಬರು. ಉಡುಪಿ ಕಡೆಯ ಬಿ.ಎಲ್. ಸಂತೋಷ್ ಆ ಹುದ್ದೆಗೆ ಬಂದ ಮೇಲೆ ನಮ್ಮ ಊರಿನವರಿಗೂ ಅದರ ತೂಕ ತಿಳಿಯಿತು. ನೀವು ಯಾವುದನ್ನಾದರೂ ಆರಿಸಿಕೊಳ್ಳಿ. ಆದರೆ ನೋಟಿಸು ಕಳಿಸುವುದು, ನಡಾವಳಿ ಪುಸ್ತಕ ಇಡುವುದು, ಆಯೋಗಕ್ಕೆ ಪತ್ರ ಬರೆಯುವುದು, ಈ ಮೂರು ಕಾರ್ಯದರ್ಶಿಯದ್ದು ಅಂತ ಹೆಸರಿಟ್ಟು ಬರೆಯಿರಿ.

ಖಜಾಂಚಿ ಅಧ್ಯಕ್ಷರ ಮನೆಯವರಾಗಬಾರದು. ಚೆಕ್ಕಿಗೆ ಎರಡು ಸಹಿ, ಅದರಲ್ಲಿ ಒಂದು ಖಜಾಂಚಿಯದ್ದು. 20,000 ರೂಪಾಯಿ ಮೀರಿದ ದೇಣಿಗೆಯ ವಿವರ ಪ್ರತಿ ವರ್ಷ ಚುನಾವಣಾ ಆಯೋಗಕ್ಕೆ ಹೋಗಬೇಕು. ತೆರಿಗೆ ರಿಯಾಯಿತಿ ಉಳಿಯಬೇಕಾದರೆ 2,000ಕ್ಕಿಂತ ಹೆಚ್ಚು ನಗದು ಮುಟ್ಟುವಂತಿಲ್ಲ. ಸಿಎ ಕೈಯಲ್ಲಿ ಆಡಿಟ್ ಆಗಬೇಕು.

ಶಾಸಕಾಂಗ ಪಕ್ಷದ ನಾಯಕರನ್ನು ಪದನಿಮಿತ್ತ ಸದಸ್ಯರಾಗಿ ಸೇರಿಸಿಕೊಳ್ಳಿ. ಆದರೆ ಎಲ್ಲ ಶಾಸಕರನ್ನೂ ತುಂಬಬೇಡಿ. 2022ರ ಸೆಪ್ಟೆಂಬರಿನಲ್ಲಿ ಗೋವಾ ಕಾಂಗ್ರೆಸ್ಸಿನ 11 ಶಾಸಕರಲ್ಲಿ 8 ಜನ ಒಂದೇ ದಿನ ಬಿಜೆಪಿಗೆ ಹೋದರು. ಸಮಿತಿಯೂ ಬರೀ ಶಾಸಕರಿಂದಲೇ ತುಂಬಿದ್ದರೆ ಮರುದಿನ ಆಫೀಸಿನ ಬಾಗಿಲು ತೆರೆಯುವವರು ಯಾರು? ವಾಸ್ಕೋದ ಹುಡುಗ ತಲೆ ಅಲ್ಲಾಡಿಸಿದ. ಅವನ ಓಣಿಯಲ್ಲಿ ಆ ದಿನ ನಡೆದ ಜಗಳ ಅವನಿಗೆ ನೆನಪಿತ್ತು.

ಹೆಜ್ಜೆ 6: ಸಭೆ ಕರೆಯುವವರು ಯಾರು?

ಇಲ್ಲಿ ನನ್ನ ಸ್ವಂತ ಗಾಯವಿದೆ. ನಮ್ಮ ಸಂಘದ ಬೈಲಾದಲ್ಲಿ "ಅಧ್ಯಕ್ಷರು ಸಭೆ ಕರೆಯತಕ್ಕದ್ದು" ಅಂತ ಒಂದೇ ಸಾಲಿತ್ತು. ಒಮ್ಮೆ ಅಧ್ಯಕ್ಷರಿಗೆ ಬಹುಮತ ಇಲ್ಲ ಅಂತ ಗೊತ್ತಾಯಿತು. ಅವರು ಏನು ಮಾಡಿದರು? ಏನೂ ಮಾಡಲಿಲ್ಲ. ಸಭೆಯನ್ನೇ ಕರೆಯಲಿಲ್ಲ. 14 ತಿಂಗಳು. ಕೊನೆಗೆ ನಾವೇ ಒಂದು ಸಭೆ ಸೇರಿ ಹೊಸ ಸಮಿತಿ ಮಾಡಿದೆವು. ಅವರೂ ಎದ್ದುಬಿದ್ದು ಇನ್ನೊಂದು ಸಭೆ ಮಾಡಿದರು. ಇಬ್ಬರು ಕಾರ್ಯದರ್ಶಿಗಳು, ಎರಡು ರಬ್ಬರ್ ಸ್ಟ್ಯಾಂಪು. ಬ್ಯಾಂಕು ಖಾತೆ ತಡೆಹಿಡಿಯಿತು. ಆ ವರ್ಷ ಮಕ್ಕಳಿಗೆ ಪುಸ್ತಕ ಹಂಚುವುದಕ್ಕೂ ದುಡ್ಡಿರಲಿಲ್ಲ. ತಪ್ಪು ಅವರದ್ದು ಅಂತ ಆಗ ಕೂಗಾಡಿದೆ. ಆ ಬೈಲಾದ ಕರಡು ಬರೆದವನು ನಾನೇ ಅನ್ನುವುದು ಆಮೇಲೆ ನೆನಪಾಯಿತು ಮಾರಾಯ್ರೇ.

ದೊಡ್ಡ ಪಕ್ಷಗಳಲ್ಲೂ ಇದೇ ಕಥೆ. 1969ರಲ್ಲಿ ಕಾಂಗ್ರೆಸ್ ಅಧ್ಯಕ್ಷರು ನಮ್ಮ ನಿಜಲಿಂಗಪ್ಪನವರು. ಪ್ರಧಾನಿ ಇಂದಿರಾ ಗಾಂಧಿ. ನವೆಂಬರ್ 1ಕ್ಕೆ ಒಂದೇ ಕಾರ್ಯಕಾರಿ ಸಮಿತಿಯ ಸದಸ್ಯರು ದೆಹಲಿಯಲ್ಲಿ ಎರಡು ಕಡೆ ಕೂತರು. ಕೆಲವರು ಪಕ್ಷದ ಕಚೇರಿಯಲ್ಲಿ, ಕೆಲವರು ಪ್ರಧಾನಿ ಮನೆಯಲ್ಲಿ. ನವೆಂಬರ್ 12ಕ್ಕೆ ನಿಜಲಿಂಗಪ್ಪನವರ ಕಡೆಯ ಸಮಿತಿ ಇಂದಿರಾರನ್ನು ಉಚ್ಚಾಟಿಸಿತು. ಇಂದಿರಾ ಕಡೆಯವರು ಎಐಸಿಸಿ ಸದಸ್ಯರ ಸಹಿ ಸಂಗ್ರಹಿಸಿ ತಾವೇ ಸಭೆ ಕರೆದರು, ಅಧ್ಯಕ್ಷರನ್ನೇ ಕೆಳಗಿಳಿಸಿದರು. ಡಿಸೆಂಬರಿನಲ್ಲಿ ಅವರ ಅಧಿವೇಶನ ನಡೆದದ್ದು ಮುಂಬೈಯಲ್ಲಿ. ಜಗಳ ಆಯೋಗಕ್ಕೆ ಹೋಯಿತು, ಆಮೇಲೆ ಸುಪ್ರೀಂ ಕೋರ್ಟಿಗೆ. 1971ರ ಸಾದಿಕ್ ಅಲಿ ತೀರ್ಪಿನಲ್ಲಿ ಕೋರ್ಟು ಹೇಳಿದ್ದು: ಸಂಘಟನೆಯಲ್ಲಿ ಮತ್ತು ಶಾಸನಸಭೆಗಳಲ್ಲಿ ಬಹುಮತ ಯಾರದ್ದು ಅಂತ ನೋಡಿದ್ದು ಸರಿ. ಹೀಗೆ ಸಮಿತಿಯಲ್ಲಿ ತಲೆ ಎಣಿಸುವುದು ಪಕ್ಷ ಯಾರದ್ದು ಅನ್ನುವ ಪ್ರಶ್ನೆಗೇ ಅಳತೆಗೋಲಾಯಿತು.

ಆದ್ದರಿಂದ ಈ ಸಾಲುಗಳನ್ನು ಬಿಡಬೇಡಿ. ಕೇಂದ್ರ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಬೇಕು. 15 ದಿನ ಮೊದಲು ನೋಟಿಸು, ಅಜೆಂಡಾ ಜೊತೆಗೆ. ತುರ್ತಾದರೆ 3 ದಿನ. ಕೋರಂ ಮೂರನೇ ಒಂದು. ಅಧ್ಯಕ್ಷರು ಕರೆಯದಿದ್ದರೆ ಮೂರನೇ ಒಂದು ಸದಸ್ಯರ ಸಹಿ ಇರುವ ಬೇಡಿಕೆ ಪತ್ರ ಸಾಕು, ಕಾರ್ಯದರ್ಶಿ 21 ದಿನದೊಳಗೆ ಕರೆಯಲೇಬೇಕು. ಕಾರ್ಯದರ್ಶಿಯೂ ಕರೆಯದಿದ್ದರೆ ಸಹಿ ಮಾಡಿದವರೇ ಕರೆಯಬಹುದು. ಈ ಕೊನೆಯ ಸಾಲಿಗೆ ನಾನು ಕೊಟ್ಟ ಬೆಲೆ 14 ತಿಂಗಳು.

ನಡಾವಳಿ ಪುಸ್ತಕದ ಪುಟಗಳಿಗೆ ನಂಬರು ಹಾಕಿ. ಹಾಜರಿ ಸಹಿ ಸಭೆಯ ಶುರುವಿನಲ್ಲೇ ತೆಗೆದುಕೊಳ್ಳಿ, ಊಟದ ಹೊತ್ತಿನಲ್ಲಲ್ಲ. ಸೂಚಕರು, ಅನುಮೋದಕರು, ಪರ ಎಷ್ಟು, ವಿರೋಧ ಎಷ್ಟು. "ಸರ್ವಾನುಮತದಿಂದ" ಅನ್ನುವ ಪದ ಕಂಡರೆ ನನಗೆ ಈಗಲೂ ಗುಮಾನಿ.

ಹೆಜ್ಜೆ 7: ತುರ್ತು ಅಧಿಕಾರಕ್ಕೆ ಬೇಲಿ

ಸಮಿತಿಯೇ ಇಲ್ಲವಾದರೆ? 1942ರ ಆಗಸ್ಟ್ 9ರ ಬೆಳಗ್ಗೆ ಆದದ್ದು ಅದೇ. ಹಿಂದಿನ ರಾತ್ರಿ ಮುಂಬೈಯಲ್ಲಿ ಸೇರಿದ್ದ ಕಾರ್ಯಕಾರಿ ಸಮಿತಿಯನ್ನು ಹಿಡಿದು ಅಹ್ಮದ್‌ನಗರ ಕೋಟೆಗೆ ಸಾಗಿಸಿದರು. ಗಾಂಧೀಜಿಯನ್ನು ಪುಣೆಯ ಆಗಾಖಾನ್ ಅರಮನೆಯಲ್ಲಿಟ್ಟರು. ಇವತ್ತು ಅಷ್ಟಾಗಲಿಕ್ಕಿಲ್ಲ. ಆದರೂ ಅಧ್ಯಕ್ಷರು ತೀರಿಹೋದರೆ, ರಾಜೀನಾಮೆ ಕೊಟ್ಟರೆ ಮರುದಿನ ಸಹಿ ಹಾಕುವವರು ಯಾರು ಅಂತ ಬರೆದಿರಬೇಕು.

ತುರ್ತು ಅಧಿಕಾರದ ಮಾದರಿ ಕಾಂಗ್ರೆಸ್ಸಿನಲ್ಲಿದೆ. ವಿಶೇಷ ಸಂದರ್ಭದಲ್ಲಿ ಕಾರ್ಯಕಾರಿ ಸಮಿತಿ ಬೈಲಾ ಮೀರಿಯೂ ತೀರ್ಮಾನ ಮಾಡಬಹುದು, ಆದರೆ ಆರು ತಿಂಗಳೊಳಗೆ ಎಐಸಿಸಿ ಒಪ್ಪಬೇಕು. 1998ರ ಮಾರ್ಚ್ 14ರಂದು ಚುನಾಯಿತ ಅಧ್ಯಕ್ಷ ಸೀತಾರಾಂ ಕೇಸರಿಯವರನ್ನು ಬದಿಗೆ ಸರಿಸಿ ಸೋನಿಯಾ ಗಾಂಧಿಯವರನ್ನು ಕೂರಿಸಿದ್ದು ಈ ಬಾಗಿಲಿನಿಂದಲೇ. ಮುಂದಿನ ತಿಂಗಳು ಎಐಸಿಸಿ ಒಪ್ಪಿತು. ಬಾಗಿಲು ಎಷ್ಟು ಅಗಲ ಅಂತ ತಿಳಿಯಿತಲ್ಲ? ನಿಮ್ಮಲ್ಲಿ ಆರು ತಿಂಗಳು ಬೇಡ, 60 ದಿನ ಸಾಕು. ಅಷ್ಟರೊಳಗೆ ದೊಡ್ಡ ಕೋಣೆ ಒಪ್ಪದಿದ್ದರೆ ತೀರ್ಮಾನ ತಾನಾಗಿ ರದ್ದು.

ಶಿಸ್ತಿನ ವಿಷಯ ಎರಡು ಮಾತಿನಲ್ಲಿ. ಉಚ್ಚಾಟನೆಗೆ ಮೊದಲು ಲಿಖಿತ ನೋಟಿಸು, ಉತ್ತರ ಕೊಡಲು ಸಮಯ, ಮೇಲ್ಮನವಿಗೆ ಬೇರೆ ಸಮಿತಿ. ಸೋನಿಯಾ ವಿದೇಶಿ ಮೂಲದವರು ಅಂತ ಆಕ್ಷೇಪಿಸಿ ಪತ್ರ ಬರೆದ ಶರದ್ ಪವಾರ್, ಸಂಗ್ಮಾ, ತಾರೀಕ್ ಅನ್ವರ್ ಅವರನ್ನು 1999ರ ಮೇ ತಿಂಗಳಲ್ಲಿ ಕಾರ್ಯಕಾರಿ ಸಮಿತಿ ಉಚ್ಚಾಟಿಸಿತು. ಜೂನ್ 10ಕ್ಕೆ ಅವರ ಹೊಸ ಪಕ್ಷ ಎನ್‌ಸಿಪಿ ಹುಟ್ಟಿತು.

ಹೆಜ್ಜೆ 8: ಆಯೋಗಕ್ಕೆ ಕೊಡಿ, ರಸೀದಿ ಇಟ್ಟುಕೊಳ್ಳಿ

ಪಕ್ಷ ಹುಟ್ಟಿದ 30 ದಿನದೊಳಗೆ ಜನಪ್ರತಿನಿಧಿ ಕಾಯ್ದೆಯ 29ಎ ಕಲಮಿನಡಿ ಅರ್ಜಿ ಹಾಕಬೇಕು. ಶುಲ್ಕ 10,000 ರೂಪಾಯಿ. ಬೈಲಾದಲ್ಲಿ ಸಂವಿಧಾನಕ್ಕೆ, ಸಮಾಜವಾದ, ಜಾತ್ಯತೀತತೆ, ಪ್ರಜಾಪ್ರಭುತ್ವಕ್ಕೆ, ದೇಶದ ಸಾರ್ವಭೌಮತೆ, ಏಕತೆ, ಅಖಂಡತೆಗೆ ನಿಷ್ಠೆ ಎಂಬ ಮಾತು ಕಾನೂನಿನ ಪದಗಳಲ್ಲೇ ಇರಬೇಕು. ಒಳಚುನಾವಣೆಗೆ ಗರಿಷ್ಠ ಐದು ವರ್ಷದ ಅಂತರ. ಖಾಯಂ ಅಧ್ಯಕ್ಷ ಅನ್ನುವುದು ನಡೆಯುವುದಿಲ್ಲ. 2022ರಲ್ಲಿ ಆಂಧ್ರದ ವೈಎಸ್ಆರ್ ಕಾಂಗ್ರೆಸ್ಸಿನ ವಿಷಯದಲ್ಲಿ ಆಯೋಗ ಇದನ್ನು ಖಂಡಿತವಾಗಿ ಹೇಳಿತು.

ನೋಂದಣಿ ಆದ ಮೇಲೆ ಜನ ನಿದ್ದೆ ಹೋಗುತ್ತಾರೆ. ಇಲ್ಲಿನ ಸಂಘಗಳವರಿಗೆ ಚಾರಿಟಿ ಕಮಿಷನರ್ ಕಚೇರಿಯ ಚೇಂಜ್ ರಿಪೋರ್ಟ್ ಗೊತ್ತಲ್ಲ? ಸಮಿತಿ ಬದಲಾದರೆ 90 ದಿನದೊಳಗೆ ತಿಳಿಸಬೇಕು. ಪಕ್ಷಕ್ಕೂ ಹಾಗೇ. ಹೆಸರು, ಕಚೇರಿ, ಪದಾಧಿಕಾರಿಗಳು, ಮುಖ್ಯ ವಿಷಯ ಏನೇ ಬದಲಾದರೂ ತಡಮಾಡದೆ ಆಯೋಗಕ್ಕೆ ತಿಳಿಸಬೇಕು ಅಂತ ಅದೇ 29ಎ ಹೇಳುತ್ತದೆ.

ತಿಳಿಸದಿದ್ದರೆ ಏನಾಗುತ್ತದೆ ಅಂತ ಇಡೀ ಮುಂಬೈ ನೋಡಿದೆ. 2022ರ ಜೂನಿನಲ್ಲಿ ಶಿವಸೇನೆ ಉದ್ಧವ್ ಠಾಕ್ರೆ ಬಣ, ಏಕನಾಥ ಶಿಂದೆ ಬಣ ಅಂತ ಒಡೆಯಿತು. ನಿಜವಾದ ಪಕ್ಷ ಯಾವುದು? 2023ರ ಫೆಬ್ರುವರಿ 17ಕ್ಕೆ ಆಯೋಗ ಆದೇಶ ಕೊಟ್ಟಿತು. 2018ರ ತಿದ್ದುಪಡಿಯಾದ ಬೈಲಾ ತನ್ನ ದಾಖಲೆಯಲ್ಲೇ ಇಲ್ಲ ಅಂದಿತು. 1999ರಲ್ಲಿ ತನ್ನ ಒತ್ತಾಯದಿಂದ ತಂದಿದ್ದ ಪ್ರಜಾಪ್ರಭುತ್ವದ ಅಂಶಗಳನ್ನು 2018ರಲ್ಲಿ ಕಿತ್ತುಹಾಕಿದ್ದಾರೆ ಅಂತಲೂ ಹೇಳಿತು. ಬೈಲಾ ಆಧಾರಕ್ಕೆ ನಿಲ್ಲದ್ದರಿಂದ ಶಾಸಕ, ಸಂಸದರ ತಲೆ ಎಣಿಸಿತು: 55 ಶಾಸಕರಲ್ಲಿ 40, 18 ಲೋಕಸಭಾ ಸದಸ್ಯರಲ್ಲಿ 13 ಶಿಂದೆ ಕಡೆ. ಹೆಸರು, ಬಿಲ್ಲುಬಾಣದ ಚಿಹ್ನೆ ಎರಡೂ ಅವರಿಗೆ ಹೋಯಿತು. 2024ರ ಜನವರಿ 10ಕ್ಕೆ ಸ್ಪೀಕರ್ ನಾರ್ವೇಕರ್ ಕೂಡ 1999ರ ಬೈಲಾವನ್ನೇ ಹಿಡಿದರು. ಅದರ ಪ್ರಕಾರ ಮೇಲಿನದ್ದು ರಾಷ್ಟ್ರೀಯ ಕಾರ್ಯಕಾರಿಣಿ, ಪಕ್ಷಪ್ರಮುಖರ ಒಂದು ಮಾತೇ ಪಕ್ಷದ ಮಾತಲ್ಲ ಅಂದರು. ಈ ಆದೇಶಗಳು ಸರಿಯೋ ತಪ್ಪೋ ಅನ್ನುವ ವಾದ ಸುಪ್ರೀಂ ಕೋರ್ಟಿಗೆ ಹೋಗಿದೆ, ಅದನ್ನು ನಾನು ಇಲ್ಲಿ ಬಿಚ್ಚುವುದಿಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಇಷ್ಟು: 1966ರಿಂದ ಬೀದಿಯಲ್ಲಿ ಬೆಳೆದ ಪಕ್ಷದ ಹಣೆಬರಹದಲ್ಲಿ ದಾಖಲೆಗೆ ಸೇರದ ಒಂದು ಕಟ್ಟು ಕಾಗದಕ್ಕೆ ಇಷ್ಟು ದೊಡ್ಡ ಪಾತ್ರ ಬಂತು. ದಾದರಿನ ಶಿವಸೇನಾ ಭವನದ ಮುಂದೆ ಆ ದಿನಗಳಲ್ಲಿ ಪೊಲೀಸು ವ್ಯಾನು ನಿಂತದ್ದನ್ನು ಬಸ್ಸಿನಿಂದ ನೋಡಿದ್ದೆ.

ಹಾಗಾಗಿ ಒಂದು ಬೇರೆ ಫೈಲು ಮಾಡಿ. ಬೈಲಾದ ಪ್ರತಿ, ಪ್ರತಿ ಚುನಾವಣೆಯ ಫಲಿತಾಂಶ, ಪದಾಧಿಕಾರಿಗಳ ಪಟ್ಟಿ, ಆಯೋಗಕ್ಕೆ ಕಳಿಸಿದ ಪತ್ರ, ಅಂಚೆಯ ರಸೀದಿ. ಒಂದು ಪ್ರತಿ ಕಾರ್ಯದರ್ಶಿ ಬಳಿ, ಇನ್ನೊಂದು ಬೇರೆ ಊರಿನ ಸದಸ್ಯರ ಬಳಿ. ಚುನಾವಣೆಗೂ ನಿಲ್ಲಿ. 2019ರಿಂದ ಒಂದೂ ಚುನಾವಣೆಗೆ ನಿಲ್ಲದ 334 ಪಕ್ಷಗಳನ್ನು 2025ರ ಆಗಸ್ಟಿನಲ್ಲಿ ಆಯೋಗ ಪಟ್ಟಿಯಿಂದ ತೆಗೆದಿದೆ.

ಕೊನೆಯ ಭಾನುವಾರ ಹುಡುಗರು ತಂದ ಕರಡು ಒಂಬತ್ತು ಪುಟ ಇತ್ತು. ಹೆಸರಿನ ಪುಟ ಇರಲಿಲ್ಲ. 21 ಜನರಲ್ಲಿ 14 ಚುನಾಯಿತರು, 7 ನೇಮಕದವರು. ಅಂಚೆ ಫೈಲಿನ ಎರಡನೇ ಪ್ರತಿ ವಾಸ್ಕೋದಲ್ಲಿ ಇರಲಿ ಅಂತ ಒಪ್ಪಿದ್ದರು. ಬೇಡಿಕೆ ಪತ್ರಕ್ಕೆ ಮೂರನೇ ಒಂದು ಸಹಿ ಸಾಕೋ, ಅರ್ಧ ಬೇಕೋ ಅಂತ ಡೊಂಬಿವಲಿಯವನಿಗೂ ಪಿಂಪ್ರಿಯವಳಿಗೂ ಇನ್ನೂ ಹೊಂದಿರಲಿಲ್ಲ. ಅಧ್ಯಕ್ಷನಾಗುವ ಆಸೆ ಅವನಿಗೇ ಇತ್ತು, ಅರ್ಧ ಬೇಕು ಅನ್ನುತ್ತಿದ್ದವನೂ ಅವನೇ. ಹುಡುಗಿ ಪೆನ್ನು ತೆಗೆದು ಆ ಸಾಲಿನ ಪಕ್ಕ "ಮತಕ್ಕೆ ಹಾಕುವುದು" ಅಂತ ಬರೆದಳು. ಮಾಣಿ ಬಿಲ್ಲು ತಂದಿಟ್ಟ. ಖಜಾಂಚಿ ಯಾರು ಅಂತ ಇನ್ನೂ ತೀರ್ಮಾನವಾಗದ್ದರಿಂದ ನಾನೇ ಕೊಟ್ಟೆ.